ಬೇಡ ಎಂಬ ಸಾಲು

ಕೊರ್ದುಲಾ ಆ ಎರಡು ಸಾಲುಗಳನ್ನು ಅಳಿಸಿ ಮತ್ತೊಮ್ಮೆ ಬರೆದಳು. ಈ ಪ್ರೋಗ್ರಾಂ ಈ ಫೋಲ್ಡರನ್ನು ಓದಬಹುದು ಎಂದು ಮೊದಲನೆಯದು. ಓದಕೂಡದು ಎಂದು ಎರಡನೆಯದು. ಒಂದೇ ಜಾಗದ ಬಗ್ಗೆ ಹೀಗೆ ಎರಡು ಮಾತು ಬಂದಾಗ ಬೇಡ ಎಂಬ ಮಾತೇ ಗೆಲ್ಲಬೇಕು. ಕೆಲಸಕ್ಕೆ ಸೇರುವ ಹೊಸಬರಿಗೆ ಅವಳು ಮೊದಲು ಹೇಳಿಕೊಡುತ್ತಿದ್ದ ಪಾಠವೇ ಅದು. ಅವಳು ಕೀಲಿ ಒತ್ತಿದಳು. ಫೋಲ್ಡರು ತೆರೆದುಕೊಂಡಿತು. ತೆರೆಯಬಾರದ್ದು, ಹಿತ್ತಿಲ ಬಾಗಿಲಿನ ಹಾಗೆ ಸದ್ದಿಲ್ಲದೆ ತೆರೆದುಕೊಂಡಿತು.

ಹಿಂದೆ ನಿಂತಿದ್ದ ಅನ್ಸ್‌ಗಾರ್ ಕೈಯಲ್ಲಿದ್ದ ಕಾಫಿಯನ್ನು ಮೇಜಿನ ಮೇಲಿಟ್ಟ. ಅವನು ಈ ತಂಡದ ಮುಖ್ಯಸ್ಥ, ವಯಸ್ಸಿನಲ್ಲಿ ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವನು.

"ಇನ್ನೊಂದ್ಸಲ ನೋಡ್ತೀಯಾ?"

"ಎಷ್ಟು ಸಲ ನೋಡಿದ್ರೂ ಅಷ್ಟೇ. ಈ ತೂತು ಕಂಡುಹಿಡಿದು ನಮ್ಗೆ ತಿಳಿಸಿದ ಫಿನ್‌ಲೆಂಡಿನ ಹುಡುಗಿ ಬರೆದಿರೋದು ಸರಿಯಾಗೇ ಇದೆ."

"ಯಾವಾಗಿಂದ ಹೀಗಿದೆ?"

ಕೊರ್ದುಲಾ ಕುರ್ಚಿಯನ್ನು ತಿರುಗಿಸಲಿಲ್ಲ. "ಏಪ್ರಿಲ್‌ನಿಂದ. ನಾನು ಮಾಡಿದ್ದು."

ನ್ಯೂರ್ನ್‌ಬರ್ಗಿನ ಆ ಕಚೇರಿಯಲ್ಲಿ ಅವಳ ಕೆಲಸ ಹೊರಗಿನವರಿಗೆ ಹೇಳಿ ಅರ್ಥ ಮಾಡಿಸುವಂಥದ್ದಲ್ಲ. ಯಾವ ಪ್ರೋಗ್ರಾಂ ಯಾವ ಫೈಲನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂದು ಜನ ನಿಯಮ ಬರೆಯುತ್ತಾರೆ. ಆ ನಿಯಮಗಳನ್ನು ಓದಿ, ಒಂದೇ ಫೈಲಿನ ಬಗ್ಗೆ ಇರುವ ಸಾಲುಗಳನ್ನೆಲ್ಲ ಕೂಡಿಸಿ ಒಂದಾಗಿ ಮಾಡಿ, ಯಂತ್ರದ ಕಾವಲುಗಾರನ ಕೈಗೆ ಕೊಡುವ ಒಂದು ಪ್ರೋಗ್ರಾಂ ಇದೆ. ಅದರಲ್ಲಿ ಆ ಕೂಡಿಸುವ ಭಾಗ ಅವಳದು. ಯಂತ್ರಗಳು ಶುರುವಾಗುವಾಗ ಈ ಕೂಡಿಕೆಗೇ ಬಹಳ ಹೊತ್ತು ಹಿಡಿಯುತ್ತದೆಂದು ದೂರು ಬಂದಿತ್ತು. ಏಪ್ರಿಲ್‌ನಲ್ಲಿ ಅವಳು ಕುಳಿತು ಒಂದೊಂದೇ ಸಾಲು ನೋಡಿದಳು. ಒಂದು ಕಡೆ, ಎರಡು ನಿಯಮಗಳನ್ನು ಸೇರಿಸುವ ಮೊದಲು ಅವುಗಳಲ್ಲಿ ಒಂದು ಬೇಡ ಎನ್ನುತ್ತದೋ ಎಂದು ಕೇಳುವ ಪ್ರಶ್ನೆಯಿತ್ತು. ಅದೇ ಪ್ರಶ್ನೆಯನ್ನು ಅದಕ್ಕೆ ಮುಂಚೆಯೇ ಇನ್ನೊಂದು ಕಡೆ ಕೇಳಿ ಆಗಿತ್ತು. ಕೇಳಿದ್ದನ್ನೇ ಮತ್ತೆ ಕೇಳುವುದೇಕೆಂದು ಅವಳು ಅದನ್ನು ತೆಗೆದುಹಾಕಿದಳು. ಕೆಲಸ ಬೇಗ ಆಗತೊಡಗಿತು. ಎಲ್ಲರೂ ಹೊಗಳಿದರು. ಅನ್ಸ್‌ಗಾರ್ ಅವತ್ತು ಕೇಕು ತರಿಸಿದ್ದ.

ಜನ ತಮ್ಮ ಊರಿನ, ತಮ್ಮ ಮನೆಯ ಅಗತ್ಯಕ್ಕೆಂದು ಬೇರೆ ಫೈಲಿನಲ್ಲಿ ಬರೆದುಕೊಳ್ಳುವ ಹೆಚ್ಚುವರಿ ಸಾಲುಗಳು ಮುಂಚೆ ಕೇಳುವ ಆ ಇನ್ನೊಂದು ಪ್ರಶ್ನೆಯನ್ನು ದಾಟಿ ಬರುವುದಿಲ್ಲ ಎಂಬುದು ಅವಳಿಗೆ ಹೊಳೆದಿರಲಿಲ್ಲ. ಅಂಥ ಸಾಲು ಬೇಡ ಎಂದರೆ, ಅದು ಬೇಕು ಎಂಬ ಸಾಲಿನೊಳಗೆ ಕರಗಿ ಬೇಕು ಎಂದೇ ಆಗಿಬಿಡುತ್ತಿತ್ತು.

"ಸರಿಪಡ್ಸಕ್ಕೆ ಎಷ್ಟು ಹೊತ್ತು ಬೇಕು?" ಅನ್ಸ್‌ಗಾರ್ ಕೇಳಿದ.

"ಇವತ್ತೇ ಆಗುತ್ತೆ. ತೆಗೆದಿದ್ದನ್ನ ವಾಪಸ್ ಹಾಕೋದು ಅಷ್ಟೇ ತಾನೆ."

"ಸರಿ. ಬರೋ ಗುರುವಾರ ಎಲ್ಲ ಕಂಪನಿಯವ್ರೂ ಒಟ್ಟಿಗೆ ಇದರ ತಿದ್ದುಪಡಿ ಬಿಡುಗಡೆ ಮಾಡ್ತಾರೆ. ಅಲ್ಲೀವರ್ಗೂ ಈ ಕೋಣೆ ಆಚೆ ಒಂದು ಮಾತೂ ಹೋಗೋ ಹಾಗಿಲ್ಲ. ನಿಂಗೆ ನಾನು ಹೇಳ್ಬೇಕಾಗಿಲ್ಲ."

ಇದೂ ಅವಳಿಗೆ ಹೊಸದಲ್ಲ. ಮದ್ದು ಎಲ್ಲರ ಕೈಗೂ ಸಿಗುವ ಮೊದಲು ರೋಗದ ಸುದ್ದಿ ಹಬ್ಬಿದರೆ, ಕಳ್ಳರಿಗೆ ದಾರಿ ತೋರಿಸಿದಂತೆ. ಈ ನಿಯಮವನ್ನು ಅವಳೇ ಎಷ್ಟೋ ಜನರಿಗೆ ಖಡಕ್ಕಾಗಿ ಹೇಳಿದ್ದಳು. ಇವತ್ತು ಮಾತ್ರ ಅವಳು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದಳು.

"ನನ್ನ ಅಕ್ಕನ ಮನೇಲಿ ಈ ಪ್ರೋಗ್ರಾಂ ಇರೋ ಯಂತ್ರ ಇದೆ ಅನ್ಸ್‌ಗಾರ್. ಅವಳ ಮನೆ ಅಂದ್ರೆ, ಅವಳು ನೋಡ್ಕೊಳ್ಳೋ ಆಶ್ರಯದ ಮನೆ. ಗಂಡನಿಂದ ತಪ್ಪಿಸ್ಕೊಂಡು ಬಂದ ಹೆಂಗಸ್ರು ಇರ್ತಾರೆ ಅಲ್ಲಿ. ಅವ್ರು ಅಲ್ಲಿಂದ ಎಲ್ಲಿಗೆ ಹೋದ್ರು ಅನ್ನೋ ವಿಳಾಸ ಆ ಯಂತ್ರದೊಳಗೇ ಇದೆ. ಅದನ್ನ ಮುಚ್ಚಿರೋ ಸಾಲು ನಾನೇ ಕೈಯಾರೆ ಬರ್ದಿದ್ದು."

ಅನ್ಸ್‌ಗಾರ್ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತ. ಅವನು ಕಟುಕನಲ್ಲ.

"ಎಲ್ರಿಗೂ ಒಬ್ಬ ಅಕ್ಕ ಇರ್ತಾಳೆ ಕೊರ್ದುಲಾ," ಎಂದ. "ನನ್ನ ಭಾವ ಆಸ್ಪತ್ರೇಲಿ ಕೆಲಸ ಮಾಡ್ತಾನೆ. ಪ್ರಾಗಿನಲ್ಲಿರೋ ನಮ್ಮವ್ರಿಗೆ ಯಾರೋ ಇರ್ತಾರೆ. ಒಬ್ಬೊಬ್ರೂ ಒಬ್ಬೊಬ್ರಿಗೆ ಹೇಳ್ತಾ ಹೋದ್ರೆ ಭಾನುವಾರದೊಳಗೆ ಊರೆಲ್ಲ ಡಂಗುರ. ನಿನ್ನ ಅಕ್ಕನ ಮನೆ ಉಳಿಯುತ್ತೆ, ಉಳಿದ ಮನೆಗಳು?"

"ನಂಗೊತ್ತು."

"ಗೊತ್ತಿದ್ರೆ ಗುರುವಾರದವರ್ಗೂ ನೀನು ನಂಗೆ ಈ ವಿಷ್ಯ ಹೇಳೇ ಇಲ್ಲ ಅಂದ್ಕೋತೀನಿ."

ಅವಳು ತಲೆಯಾಡಿಸಿದಳು. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ಅವಳಿಗೆ ಕಷ್ಟವಾಗಿದ್ದು.

*

ಭಾನುವಾರ ಅಕ್ಕ ತಂಗಿ ಇಬ್ಬರೂ ಐಷ್ ಹೊಳೆಯ ಕಡೆಯ ಹಳ್ಳಿಯ ಊಟದ ಮನೆಗೆ ಹೋಗುವುದು ಪ್ರತಿ ನವೆಂಬರಿನ ವಾಡಿಕೆ. ಕೆರೆಗಳನ್ನು ಬಸಿದು ಕಾರ್ಪ್ ಮೀನು ಹಿಡಿಯುವ ಕಾಲ ಅದು. ಉದ್ದಕ್ಕೆ ಸೀಳಿದ ಅರ್ಧ ಮೀನನ್ನು ಬಾಲ ಎದ್ದು ನಿಲ್ಲುವ ಹಾಗೆ ಕರಿದು ತಂದಿಡುತ್ತಾರೆ, ಜೊತೆಗೆ ಆಲೂಗಡ್ಡೆಯ ಸಲಾಡು. ಕಿಟಕಿಯಾಚೆ ಬರಿದಾದ ಕೆರೆಯ ಮೇಲೆ ಮಂಜು ಕೂತಿತ್ತು. ಗೂಡ್ರುನ್ ಬಾಲವನ್ನು ಮುರಿದು ಕುರುಕುರು ಕಡಿದಳು. ಅವಳಿಗೆ ಅರವತ್ತೊಂದು. ಫ್ಯೂರ್ತಿನ ಆ ಆಶ್ರಯದ ಮನೆಯನ್ನು ಇಪ್ಪತ್ತು ವರ್ಷದಿಂದ ನಡೆಸುತ್ತಿದ್ದಳು. ಅದು ಯಾವ ಬೀದಿಯಲ್ಲಿದೆಯೆಂದು ಅವಳ ಮಕ್ಕಳಿಗೂ ಗೊತ್ತಿರಲಿಲ್ಲ. ಕೊರ್ದುಲಾಗೆ ಗೊತ್ತಿದ್ದುದು ಅಲ್ಲಿ ಯಂತ್ರ ಕೂರಿಸಿದವಳು ಎಂಬ ಕಾರಣಕ್ಕೆ ಮಾತ್ರ.

"ಏನೇ, ತಿಂತಾನೇ ಇಲ್ಲ. ಮುಳ್ಳು ಎಣಿಸ್ತಾ ಇದೀಯಾ?"

"ಹಸಿವಿಲ್ಲ. ಗೂಡ್ರುನ್, ಆ ನೆಲಮಾಳಿಗೆ ಯಂತ್ರ ಇದ್ಯಲ್ಲ, ಅದನ್ನ ಒಂದು ವಾರ ಆರಿಸಿಟ್ಬಿಡೋಣ. ಹಳೇದಾಗಿದೆ. ನಾನು ಬಂದು ಒಂದ್ಸಲ ಪೂರ್ತಿ ನೋಡ್ತೀನಿ."

"ಈಗ್ಲಾ? ಕ್ರಿಸ್‌ಮಸ್ ಹತ್ರ ಬಂತು, ಆಟದ ಸಾಮಾನು, ಕೋಟು ಕೊಡೋರೆಲ್ಲ ಅದರಲ್ಲಿರೋ ನಮ್ಮ ವೆಬ್ ಪುಟ ನೋಡ್ಕೊಂಡೇ ಬರೋದು. ಜನವರೀಲಿ ಆರ್ಸು."

ಆ ಪುಟವನ್ನು ಹೊರಗಿನ ಜನಕ್ಕೆ ತೋರಿಸುವ ಪ್ರೋಗ್ರಾಮೂ, ಒಳಗಿನ ವಿಳಾಸಗಳ ಫೋಲ್ಡರೂ ಒಂದೇ ಯಂತ್ರದಲ್ಲಿದ್ದವು. ಎರಡು ಯಂತ್ರ ಬೇಡವೇ ಎಂದು ಗೂಡ್ರುನ್ ಅಂದು ಕೇಳಿದ್ದಳು. ಒಂದೇ ಸಾಕು, ನಡುವೆ ಗೋಡೆ ಹಾಕಿ ಕೊಡುತ್ತೇನೆ ಎಂದವಳು ಕೊರ್ದುಲಾ. ಗೋಡೆ ಎಂದರೆ ಆ ಒಂದು ಸಾಲು.

"ನಂಗೂ ಈಗ ಹಸಿವು ಅಂತೇನಿಲ್ಲ, ಸುಮ್ನೆ ತಿಂತಾ ಇದೀನಿ," ಎಂದಳು ಗೂಡ್ರುನ್ ಸ್ವಲ್ಪ ಹೊತ್ತಿನ ಮೇಲೆ. "ಫ್ರಾವ್ ಕೋಲ್ಬ್ ಅವರನ್ನ ಇನ್ನು ಬರ್ಬೇಡಿ ಅಂತ ಕಳಿಸ್ಬಿಟ್ಟೆ."

"ಯಾರು, ಕಾರು ಓಡಿಸೋ ಹೆಂಗಸಾ?"

"ಹೂಂ. ಎಂಟು ವರ್ಷದಿಂದ ನಮ್ಮ ಹೆಂಗಸ್ರನ್ನ ಮಕ್ಕಳನ್ನ ಹೊಸ ಮನೆಗೆ ಬಿಟ್ಟು ಬರ್ತಿದ್ರು. ಬಸ್ ಓಡಿಸಿ ನಿವೃತ್ತಿ ಆದೋರು, ಒಂದು ದಿನಕ್ಕೂ ಪೆಟ್ರೋಲಿನ ದುಡ್ಡು ಸಹ ಕೇಳ್ದೋರಲ್ಲ. ಏನ್ಮಾಡ್ಲಿ ಹೇಳು. ಸ್ವೆನ್ಯಾ ಅಂತ ಒಬ್ಬಳು ಇದ್ಳು, ಜೊತೆಗೆ ಶಾಲೆಗೆ ಹೋಗೋ ಮಗು. ಆಗಸ್ಟ್‌ನಲ್ಲಿ ಹೊಸ ಮನೆ ಸಿಕ್ತು, ದೂರದ ಊರು. ಅಲ್ಲಿಗೆ ಬಿಟ್ಟು ಬಂದಿದ್ದು ಕೋಲ್ಬ್. ಅಕ್ಟೋಬರ್‌ನಲ್ಲಿ ಅವಳ ಗಂಡ ಸೀದಾ ಬಂದು ಮೆಟ್ಲಲ್ಲಿ ಕೂತಿದ್ನಂತೆ. ಅವಳು ತರಕಾರಿ ಚೀಲ ಹಿಡ್ಕೊಂಡು ಮೇಲೆ ಬರ್ತಿದ್ದಾಳೆ."

ಗೂಡ್ರುನ್ ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ಸರಿಸಿದಳು.

"ಕೈ ಎರಡು ಕಡೆ ಮುರ್ದಿದ್ದ. ಪಕ್ಕದ್ಮನೆಯವ್ರು ಬಂದಿದ್ರಿಂದ ಅಷ್ಟಕ್ಕೇ ಮುಗೀತು. ಆ ವಿಳಾಸ ಗೊತ್ತಿದ್ದಿದ್ದು ಮೂರೇ ಜನಕ್ಕೆ. ನಂಗೆ, ಸ್ವೆನ್ಯಾಗೆ, ಕೋಲ್ಬ್‌ಗೆ. ಆ ಗಂಡನ ತಾಯಿ ರೊಟ್ಟಿ ತಗೊಳ್ಳೋದು ಕೋಲ್ಬ್ ಹೋಗೋ ಬೇಕರಿಲೇ. ಇನ್ನೇನು ಬೇಕು?"

"ಅವರು ಒಪ್ಕೊಂಡ್ರಾ?"

"ಇಲ್ಲ. ಕೂರ್ಸಿ ಕೇಳ್ದೆ, ಮೂರು ಸಲ ಕೇಳ್ದೆ. ಇಲ್ಲ ಅಂದ್ರು. ಕೊನೇ ಸಲ ಏನೂ ಅನ್ನಲಿಲ್ಲ, ಬೀಗದ ಕೈ ಮೇಜಿನ ಮೇಲಿಟ್ಟು ಹೋದ್ರು."

ಕೊರ್ದುಲಾ ಬಿಯರಿನ ಲೋಟ ಎತ್ತಿ, ಕುಡಿಯದೆ ಕೆಳಗಿಟ್ಟಳು.

"ಆ ಗಂಡ... ಏನು ಕೆಲಸ ಮಾಡ್ತಾನೆ?"

"ಯಾಕೆ? ಶಾಲೆಗಳಿಗೆ ಕಂಪ್ಯೂಟರ್ ಕೂರ್ಸಿ ಕೊಡೋ ಕಡೆ ಇದ್ದ. ನಿನ್ನ ಥರದೋನೇ." ಗೂಡ್ರುನ್ ನಗಲು ನೋಡಿದಳು. ತಂಗಿಯ ಮುಖ ನೋಡಿ ನಗು ನಿಂತಿತು. "ಏನಾಯ್ತೇ ದುಲಾ?"

"ಏನಿಲ್ಲ. ಇವತ್ತೇ ಬರ್ತೀನಿ ನಿನ್ನ ಮನೆಗೆ. ಯಂತ್ರ ಆರ್ಸಲ್ಲ. ಒಳಗಿನ ಫೋಲ್ಡರ್ ಒಂದನ್ನ ಬೇರೆ ಕಡೆ ಎತ್ತಿಡ್ತೀನಿ ಅಷ್ಟೇ."

"ಯಾಕೆ?"

"ಹೇಳೋ ಹಾಗಿಲ್ಲ."

ಗೂಡ್ರುನ್ ಅವಳನ್ನೇ ದಿಟ್ಟಿಸಿದಳು. ಹೇಳುವ ಹಾಗಿಲ್ಲ ಎಂಬ ಮಾತನ್ನು ಅವಳು ಬದುಕಿಡೀ ಬೇರೆಯವರಿಗೆ ಹೇಳಿದವಳು. ಆ ಮಾತಿಗೆ ಎದುರು ಪ್ರಶ್ನೆ ಹಾಕಬಾರದೆಂಬುದು ಅವಳ ಕಸುಬಿನ ಮರ್ಯಾದೆ.

"ಸರಿ," ಎಂದು ಬಟ್ಟೆಯಲ್ಲಿ ಬೆರಳು ಒರೆಸಿಕೊಂಡಳು. "ಮೀನು ಕಟ್ಟಿಸ್ಕೊಂಡು ಹೋಗೋಣ. ಹಾಳು ಮಾಡೋದು ಬೇಡ."

*

ನೆಲಮಾಳಿಗೆಯಲ್ಲಿ ಒಗೆದ ಬಟ್ಟೆಯ ವಾಸನೆಯಿತ್ತು. ಮಕ್ಕಳ ಉಣ್ಣೆಯ ಕಾಲುಚೀಲಗಳು ಹಗ್ಗದುದ್ದಕ್ಕೂ ನೇತಾಡುತ್ತಿದ್ದವು. ಕೊರ್ದುಲಾ ಆ ಫೋಲ್ಡರನ್ನು ತೆಗೆದು ಬೆರಳಿನಷ್ಟು ಉದ್ದದ ಪೆನ್‌ಡ್ರೈವಿಗೆ ತುಂಬಿ ಅಕ್ಕನ ಕೈಗೆ ಕೊಟ್ಟಳು. ಯಂತ್ರದೊಳಗೆ ಅದರ ಗುರುತೂ ಉಳಿಯದಂತೆ ಅಳಿಸಿದಳು. ಗೂಡ್ರುನ್ ಅದನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಡಲು ಮೇಲೆ ಹೋದಾಗ ಕೊರ್ದುಲಾ ಇಷ್ಟು ಹೊತ್ತು ನೋಡದೆ ತಪ್ಪಿಸಿಕೊಂಡಿದ್ದ ತಾರೀಕುಗಳನ್ನು ನೋಡಲು ಕೂತಳು. ಏಪ್ರಿಲ್‌ನಲ್ಲಿ ಅವಳು ಬದಲಿಸಿದ ಪ್ರೋಗ್ರಾಂ ಈ ಯಂತ್ರಕ್ಕೆ ಬಂದು ಸೇರಿದ್ದು ಜೂನ್‌ನಲ್ಲಿ. ಹಾಗಾದರೆ ಅಲ್ಲಿಂದ ಇಲ್ಲಿಯವರೆಗೂ ಗೋಡೆ ಇರಲಿಲ್ಲ. ಸ್ವೆನ್ಯಾಳ ವಿಳಾಸ ಸೇರಿದ್ದು ಆಗಸ್ಟ್‌ನಲ್ಲಿ.

ಹೊರಗಿನಿಂದ ಯಾರು ಏನು ಕೇಳಿದರು ಎಂಬ ದಾಖಲೆ ಇದ್ದರೆ ಗೊತ್ತಾಗಿಬಿಡುತ್ತಿತ್ತು. ದಾಖಲೆ ಎರಡು ವಾರದ್ದಷ್ಟೇ ಇತ್ತು. ಅದಕ್ಕೂ ಹಿಂದಿನದೆಲ್ಲ ತಾನಾಗಿ ಅಳಿಸಿಹೋಗುವ ಹಾಗೆ ಮಾಡಿದವಳೂ ಅವಳೇ. ಸಹಾಯ ಹುಡುಕಿಕೊಂಡು ಈ ಪುಟಕ್ಕೆ ಬರುವ ಹೆಂಗಸರ ಹೆಜ್ಜೆಗುರುತು ಎಲ್ಲಿಯೂ ಉಳಿಯಬಾರದು ಎಂದು ಗೂಡ್ರುನ್ ಕೇಳಿದ್ದಳು, ಅವಳು ಮಾಡಿಕೊಟ್ಟಿದ್ದಳು. ಆ ಎರಡು ವಾರದಲ್ಲಿ ಯಾರೂ ಏನೂ ಮಾಡಿರಲಿಲ್ಲ. ಅದಕ್ಕೂ ಮುಂಚೆ ಏನಾಗಿತ್ತೋ ದೇವರೇ ಬಲ್ಲ.

ಆ ಗಂಡ ಈ ತೂತಿನಿಂದ ಬಂದನೋ, ಬೇಕರಿಯ ಮಾತಿನಿಂದ ಬಂದನೋ, ಇನ್ನಾವುದೋ ದಾರಿಯಿಂದಲೋ, ಇನ್ನು ಯಾರೂ ಹೇಳುವಂತಿರಲಿಲ್ಲ.

"ಆಯ್ತಾ?" ಗೂಡ್ರುನ್ ಮೆಟ್ಟಿಲ ಮೇಲಿಂದ ಕೇಳಿದಳು. "ಕಾಫಿ ಇಟ್ಟಿದೀನಿ."

"ಬೇಡ. ಹೊರಟೆ." ಅವಳು ಕೋಟು ಹಾಕಿಕೊಳ್ಳುವಾಗ ಕೈ ತೋಳಿನೊಳಗೆ ಸಿಕ್ಕಿಕೊಂಡಿತು. "ಗೂಡ್ರುನ್, ಫ್ರಾವ್ ಕೋಲ್ಬ್ ವಿಷ್ಯ... ಸ್ವಲ್ಪ ತಾಳ್ಮೆ ಇಟ್ಕೋ. ಪೂರ್ತಿ ಬಾಗಿಲು ಹಾಕ್ಬೇಡ."

"ಹಾಕಿ ಆಗಿದೆ ಕಣೇ," ಎಂದಳು ಅಕ್ಕ. "ನನ್ನ ಮನೇಲಿ ಅನುಮಾನ ಬಂದೋರನ್ನ ಇಟ್ಕೊಳ್ಳಕ್ಕಾಗುತ್ತಾ? ನೀನಾಗಿದ್ರೆ ಇಟ್ಕೋತಿದ್ಯಾ?"

ಕೊರ್ದುಲಾ ಕೋಟಿನ ಗುಂಡಿ ಹಾಕಿಕೊಂಡು ಮೆಟ್ಟಿಲು ಹತ್ತಿದಳು.

*

ಸೋಮವಾರ ಅವಳು ಅನ್ಸ್‌ಗಾರ್‌ಗೆ ಎಲ್ಲ ಹೇಳಿದಳು. ಫೋಲ್ಡರು ತೆಗೆದದ್ದನ್ನು, ಮುರಿದ ಕೈಯನ್ನು, ಕಾರಿನ ಹೆಂಗಸನ್ನು. ಅವನು ಫೋಲ್ಡರಿನ ವಿಷಯಕ್ಕೆ ಬೈಯಲಿಲ್ಲ.

"ತೆಗೆದಿದ್ದು ಒಳ್ಳೇದಾಯ್ತು. ಹೇಗೂ ಏನೂ ಹೇಳಿಲ್ಲ ಅಲ್ವಾ."

"ಒಬ್ಬ ಹೆಂಗಸು ತಾನು ಮಾಡದ ತಪ್ಪಿಗೆ ಮನೇಲಿ ಕೂತಿದ್ದಾಳೆ."

"ಮಾಡಿರಬಹುದು."

"ಮಾಡ್ದೆ ಇರಬಹುದು."

"ಅದು ಗುರುವಾರ ಆದ್ಮೇಲೂ ಹಾಗೇ ಇರುತ್ತೆ ಕೊರ್ದುಲಾ. ಮೂರು ದಿನ. ಅಷ್ಟೇ ನಾನು ಕೇಳೋದು." ಅವನು ಹೊರಗೆ ಹೋಗುವವನು ಬಾಗಿಲಲ್ಲಿ ನಿಂತ. "ಪ್ರಕಟಣೇಲಿ ಆ ಬದಲಾವಣೆ ಮಾಡಿದ್ದು ಯಾರು ಅಂತ ಹಾಕೋ ವಾಡಿಕೆ ಇಲ್ಲ. ನಾನಂತೂ ಹಾಕಲ್ಲ."

"ಹಾಕಿದ್ರೆ ಒಳ್ಳೇದಿತ್ತು," ಎಂದಳು ಅವಳು. ಅವನು ಹಾಕಲಿಲ್ಲ.

ಆ ಮೂರು ದಿನ ಅವಳು ತಿದ್ದಿದ್ದನ್ನೇ ತಿದ್ದಿದಳು. ಅಂದೇ ವಾಪಸ್ ಇಟ್ಟಿದ್ದ ಪ್ರಶ್ನೆ ಅದರ ಜಾಗದಲ್ಲೇ ಇದೆಯೇ ಎಂದು ಮತ್ತೆ ಮತ್ತೆ ನೋಡಿದಳು. ಬೇಡ ಎನ್ನುವ ಸಾಲು ಮೊದಲು ಬಂದರೆ, ಕೊನೆಗೆ ಬಂದರೆ, ಬೇರೆ ಫೈಲಿನಿಂದ ಬಂದರೆ, ಎಲ್ಲ ರೀತಿಯಲ್ಲೂ ಪರೀಕ್ಷೆ ಬರೆದಳು. ಒಂದೊಂದು ಸಲವೂ ಬಾಗಿಲು ಸರಿಯಾಗಿ ಮುಚ್ಚಿಕೊಳ್ಳುತ್ತಿತ್ತು. ಮನೆಗೆ ಹೋಗುವ ದಾರಿಯಲ್ಲಿ ದೊಡ್ಡ ಚೌಕದಲ್ಲಿ ಕ್ರಿಸ್‌ಮಸ್ ಸಂತೆಯ ಮರದಂಗಡಿಗಳನ್ನು ಕಟ್ಟುತ್ತಿದ್ದರು. ಸುತ್ತಿಗೆಯ ಸದ್ದಿಗೆ ಅವಳು ಬೆಚ್ಚಿಬೀಳುತ್ತಿದ್ದಳು. ಒಮ್ಮೆ ಫೋನ್ ಎತ್ತಿ ಅಕ್ಕನ ಸಂಖ್ಯೆ ಒತ್ತಿ, ಆ ಕಡೆ ಹಲೋ ಎಂದಾಗ ಮೀನು ಚೆನ್ನಾಗಿತ್ತು ಎಂದಷ್ಟೇ ಹೇಳಿ ಇಟ್ಟಳು.

*

ಗುರುವಾರ ಮಧ್ಯಾಹ್ನ ಪ್ರಕಟಣೆ ಹೊರಬಿತ್ತು. ಸಂಜೆಯ ಹೊತ್ತಿಗೆ ಅವಳು ಗೂಡ್ರುನ್‌ಳ ಸ್ವಂತ ಮನೆಯ ಅಡುಗೆಕೋಣೆಯಲ್ಲಿದ್ದಳು. ನಿಂತುಕೊಂಡೇ ಎಲ್ಲ ಹೇಳಿದಳು. ಗೂಡ್ರುನ್ ಕೇಳುತ್ತ ಕೇಳುತ್ತ ಕೈಯಲ್ಲಿದ್ದ ತಟ್ಟೆ ಒರೆಸುವುದನ್ನು ನಿಲ್ಲಿಸಿದಳು. ಯಂತ್ರದ ಮಾತೆಲ್ಲ ಮುಗಿಯುವವರೆಗೆ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಬೇಡ ಅಂತ ಬರ್ದಿದ್ದು ಬೇಕು ಅಂತ ಆಗೋಯ್ತಾ?"

"ಹೂಂ."

"ನಿಂಗೆ ಗೊತ್ತಿಲ್ದೆ?"

"ಗೊತ್ತಿಲ್ದೆ. ಆದ್ರೆ ಮಾಡಿದ್ದು ನಾನೇ."

"ಅದು ಇರ್ಲಿ. ತಪ್ಪು ಎಲ್ರೂ ಮಾಡ್ತಾರೆ, ನನ್ನ ಕೈಲೂ ಆಗಿದೆ." ಗೂಡ್ರುನ್ ತಟ್ಟೆಯನ್ನು ಕಪಾಟಿನಲ್ಲಿಟ್ಟಳು. "ಭಾನುವಾರ ನಿಂಗೆ ಗೊತ್ತಿತ್ತು."

"ಶುಕ್ರವಾರವೇ ಗೊತ್ತಿತ್ತು."

"ನಾನು ಕೋಲ್ಬ್ ವಿಷ್ಯ ಹೇಳ್ತಾ ಇದ್ದಾಗ ನೀನು ಎದುರಿಗೆ ಕೂತಿದ್ದೆ. ಆ ಮೀನಿನ ತಟ್ಟೆ ಇಟ್ಕೊಂಡು. ಆ ಗಂಡ ಏನು ಕೆಲಸ ಮಾಡ್ತಾನೆ ಅಂತ ಬೇರೆ ಕೇಳಿದೆ."

"ಹೇಳೋ ಹಾಗಿರ್ಲಿಲ್ಲ ಗೂಡ್ರುನ್. ನಿಂಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗುತ್ತೆ ಅದು?"

"ಗೊತ್ತಾಗುತ್ತೆ. ಗೊತ್ತಾಗೋದ್ರಿಂದ್ಲೇ ಬೈಯಕ್ಕೂ ಆಗ್ತಿಲ್ಲ." ಅವಳು ಕುರ್ಚಿ ಎಳೆದು ಕೂತಳು. ಬಹಳ ಹೊತ್ತು ಮೇಜುಬಟ್ಟೆಯ ಮಡಿಕೆಯನ್ನು ಉಗುರಿನಿಂದ ಗೀರುತ್ತ ಇದ್ದಳು. "ಹಂಗಾದ್ರೆ ಕೋಲ್ಬ್ ಹೇಳಿಲ್ಲ."

"ಅದು ಹೇಳಕ್ಕಾಗಲ್ಲ. ಇಲ್ಲಿಂದ ಹೋಗಿರಬಹುದು, ಅಲ್ಲಿಂದ ಹೋಗಿರಬಹುದು. ತಿಳ್ಕೊಳ್ಳೋ ದಾರಿ ಉಳಿದಿಲ್ಲ."

"ಹಂಗಂತ ಹೋಗಿ ಅವ್ರಿಗೆ ಹೇಳ್ಬೇಕಾ ನಾನು? ಬಹುಶಃ ನೀವಲ್ಲ ಅಂತ?"

"ನಾವಿಬ್ರೂ ಹೋಗೋಣ."

ಗೂಡ್ರುನ್ ತಲೆಯೆತ್ತಲಿಲ್ಲ. "ಸ್ವೆನ್ಯಾಗೂ ಹೇಳ್ಬೇಕಲ್ಲ," ಎಂದಳು. "ಅವಳ ಹೊಸ ವಿಳಾಸ ಈ ಸಲ ನಂಗೂ ಗೊತ್ತಿಲ್ಲ. ಬೇಡ ಅಂದ್ಳು. ವಕೀಲರ ಮೂಲಕ ಬರೀಬೇಕು."

*

ಶನಿವಾರ ಮಧ್ಯಾಹ್ನಕ್ಕೆ ಮುಂಚೆ ಫ್ರಾವ್ ಕೋಲ್ಬ್ ಬಾಗಿಲು ತೆರೆದಾಗ ಅವರ ಮೊಣಕೈವರೆಗೂ ಹಸಿ ಆಲೂಗಡ್ಡೆಯ ತುರಿ ಅಂಟಿಕೊಂಡಿತ್ತು. ಎತ್ತರದ, ಅಗಲ ಭುಜದ ಹೆಂಗಸು. ಕೂದಲನ್ನು ಗಂಡಸರ ಹಾಗೆ ಕತ್ತರಿಸಿದ್ದರು. ಗೂಡ್ರುನ್‌ಳನ್ನು ನೋಡಿ ಬಾಗಿಲು ಹಾಕಲಿಲ್ಲ, ಒಳಗೆ ಬನ್ನಿ ಎಂದೂ ಅನ್ನಲಿಲ್ಲ. ತಿರುಗಿ ಅಡುಗೆಕೋಣೆಗೆ ನಡೆದರು. ಇಬ್ಬರೂ ಹಿಂದೆ ಹೋದರು.

"ಉಂಡೆ ಮಾಡ್ತಾ ಇದೀನಿ. ಕೈ ನಿಲ್ಸಿದ್ರೆ ಕಪ್ಪಾಗುತ್ತೆ," ಎಂದರು. "ನೀವು ಹೇಳಿ."

ಗೂಡ್ರುನ್ ತಂಗಿಯ ಕಡೆ ನೋಡಿದಳು. ಕೊರ್ದುಲಾ ಹೇಳಿದಳು. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದಳು, ಇಲ್ಲಿ ಅವು ಒಂದೂ ನೆನಪಿಗೆ ಬರಲಿಲ್ಲ. ತಾನು ಯಾರು, ತಾನು ಏನು ತೆಗೆದುಹಾಕಿದೆ, ಅದರಿಂದ ಯಾವ ಬಾಗಿಲು ತೆರೆದಿತ್ತು, ಎಷ್ಟು ಕಾಲ ತೆರೆದಿತ್ತು ಎಂದು ನೇರವಾಗಿ ಹೇಳಿದಳು. ಫ್ರಾವ್ ಕೋಲ್ಬ್ ತುರಿಯನ್ನು ಬಟ್ಟೆಗೆ ಸುರಿದು, ಬಟ್ಟೆಯ ಬಾಯಿ ತಿರುಚಿ ಹಿಂಡುತ್ತಿದ್ದರು. ಬಿಳಿ ನೀರು ಪಾತ್ರೆಗೆ ಇಳಿಯುತ್ತಿತ್ತು.

"ಅಂದ್ರೆ ಯಂತ್ರದಿಂದ್ಲೂ ಹೋಗಿರಬಹುದು."

"ಹೌದು."

"ಹೋಗಿದೆ ಅಂತ ಅಲ್ಲ."

"ಅದು... ಇಲ್ಲ. ಗೊತ್ತಿಲ್ಲ. ಗೊತ್ತಾಗೋದೂ ಇಲ್ಲ."

ಫ್ರಾವ್ ಕೋಲ್ಬ್ ಇನ್ನೊಂದು ಸುತ್ತು ತಿರುಚಿದರು. ಅವರ ತೋಳಿನ ನರಗಳು ಉಬ್ಬಿದವು.

"ಇವ್ರು ಮೊದಲನೇ ಸಲ ಕೇಳ್ದಾಗ ನಂಗೆ ಸಿಟ್ಟು ಬಂತು," ಎಂದರು, ಗೂಡ್ರುನ್ ಅಲ್ಲಿ ಇಲ್ಲವೇನೋ ಎಂಬಂತೆ. "ಎರಡನೇ ಸಲಾನೂ ಸಿಟ್ಟೇ. ಮೂರನೇ ಸಲ ಕೇಳ್ದಾಗ ನಂಗೇ ಅನ್ನಿಸ್ತು, ಇಷ್ಟು ಕೇಳ್ತಾ ಇದಾರೆ ಅಂದ್ರೆ ಹೇಳಿರ್ಬೇಕೇನೋ ಅಂತ. ಅವತ್ತಿಂದ ಕೂತು ಯೋಚ್ನೆ ಮಾಡ್ತಿದೀನಿ. ಸ್ವೆನ್ಯಾನ ಬಿಟ್ಟು ಬಂದ ಮಾರನೇ ದಿನ ಬೇಕರೀಲಿ ಆ ಹುಡುಗಿ ಕೇಳಿದ್ಳು, ಏನ್ ಫ್ರಾವ್ ಕೋಲ್ಬ್, ನಿನ್ನೆ ಕಾಣ್ಲೇ ಇಲ್ಲ ಅಂತ. ನಾನಂದೆ, ಬಾಂಬರ್ಗ್ ದಾರೀಲಿ ರಸ್ತೆ ರಿಪೇರಿ, ಸುತ್ತಿ ಬರ್ಬೇಕಾಯ್ತು ಮಾರಾಯ್ತಿ ಅಂತ. ಅಷ್ಟೇ ಅಂದಿದ್ದು. ಹಿಂದೆ ಯಾರು ನಿಂತಿದ್ರೋ ನಾನು ನೋಡ್ಲಿಲ್ಲ."

ಅವರು ಕೊರ್ದುಲಾಳ ಕಡೆ ತಿರುಗಿದರು. ಅವರ ಕಣ್ಣು ತಿಳಿ ನೀಲಿ, ಅಂಚಿನಲ್ಲಿ ಕೆಂಪಾಗಿತ್ತು.

"ನೀವು ತಿಳಿದೋರು. ಹೇಳಿ, ಅಷ್ಟು ಮಾತು ಸಾಕಾ ಒಬ್ಬ ಮನುಷ್ಯನ್ನ ಹುಡುಕಕ್ಕೆ?"

ಸಾಲದು ಎಂದು ಹೇಳಬಹುದಿತ್ತು. ಹೇಳಿದ್ದರೆ ಈ ಹೆಂಗಸು ಇವತ್ತು ನೆಮ್ಮದಿಯಿಂದ ಮಲಗುತ್ತಿದ್ದರು. ಆದರೆ ಒಂದು ಊರಿನ ದಾರಿ, ಒಂದು ಮಗುವಿನ ವಯಸ್ಸು, ಹೊಸದಾಗಿ ಸೇರಿಸಿಕೊಂಡ ಶಾಲೆಗಳು, ಆ ಶಾಲೆಗಳಿಗೆ ಹೋಗಿ ಬರುವ ಕೆಲಸದ ಗಂಡ. ಇಂಥವನ್ನು ಒಂದಕ್ಕೊಂದು ಕೂಡಿಸುವುದೇ ಅವಳ ಬದುಕಿನ ಕೆಲಸವಾಗಿತ್ತು.

"ಗೊತ್ತಿಲ್ಲ," ಎಂದಳು ಕೊರ್ದುಲಾ.

ಫ್ರಾವ್ ಕೋಲ್ಬ್ ತಲೆಯಾಡಿಸಿದರು. ಆ ಉತ್ತರ ಅವರಿಗೆ ಬೇಸರ ತಂದಂತೆ ಕಾಣಲಿಲ್ಲ.

ಗೂಡ್ರುನ್ ಒಂದು ಹೆಜ್ಜೆ ಮುಂದೆ ಬಂದಳು. "ನಾನು ನಿಮ್ಮನ್ನ ಆ ಥರ ಕೇಳ್ಬಾರ್ದಿತ್ತು ಫ್ರಾವ್ ಕೋಲ್ಬ್. ವಾಪಸ್ ಬನ್ನಿ. ಬುಧವಾರ ಒಬ್ಬರನ್ನ ಬಿಟ್ಟು ಬರ್ಬೇಕು. ಎರಡು ಮಕ್ಕಳಿದಾರೆ. ಬೇರೆ ಯಾರನ್ನೂ ನಾನು ನಂಬಲ್ಲ."

"ನಂಬ್ತೀರಾ?"

"ನಂಬ್ತೀನಿ."

"ನಂಗೇ ನನ್ನ ಮೇಲೆ ನಂಬಿಕೆ ಇಲ್ವಲ್ಲ," ಎಂದರು ಫ್ರಾವ್ ಕೋಲ್ಬ್. ಗೊಣಗಾಟವಾಗಲಿ ಕಣ್ಣೀರಾಗಲಿ ಇರಲಿಲ್ಲ. ಬಸ್ಸಿನಲ್ಲಿ ಮುಂದಿನ ನಿಲ್ದಾಣದ ಹೆಸರು ಹೇಳಿದ ಹಾಗೆ ಹೇಳಿದರು. "ಬಿಟ್ಟು ಬಂದ್ಮೇಲೆ ನಾನು ಬೇಕರಿಗೆ ಹೋಗ್ಬೇಕಾ ಬೇಡ್ವಾ? ಪಕ್ಕದ್ಮನೆಯವ್ರು ಎಲ್ಲಿಗೆ ಹೋಗಿದ್ರಿ ಅಂದ್ರೆ ಏನನ್ಲಿ? ಮೊದ್ಲು ಇದೆಲ್ಲ ಯೋಚ್ನೆಗೇ ಬರ್ತಿರ್ಲಿಲ್ಲ."

ಒಲೆಯ ಮೇಲಿನ ನೀರು ಕುದಿಯತೊಡಗಿತು. ಫ್ರಾವ್ ಕೋಲ್ಬ್ ಹಿಂಡಿದ ತುರಿಗೆ ಬೇಯಿಸಿದ ಆಲೂಗಡ್ಡೆ ಬೆರೆಸಿ, ನಡುವೆ ಹುರಿದ ರೊಟ್ಟಿಯ ಚೂರಿಟ್ಟು, ಒಂದೊಂದೇ ಉಂಡೆ ಕಟ್ಟಿ ನೀರಿಗೆ ಬಿಟ್ಟರು. ಊಟ ಮಾಡಿ ಹೋಗಿ ಎಂದು ಕರೆಯಲಿಲ್ಲ. ಕಳಿಸುವಾಗ ಬಾಗಿಲವರೆಗೆ ಬಂದು ಕೊರ್ದುಲಾಳ ಕೈ ಕುಲುಕಿದರು. ಅವರ ಅಂಗೈ ಒದ್ದೆಯಾಗಿ ತಣ್ಣಗಿತ್ತು.

"ನೀವು ಬಂದು ಹೇಳಿದ್ರಿ," ಎಂದರು. ಒಳ್ಳೆಯದಾಯಿತೆಂದೋ ಅಲ್ಲವೆಂದೋ ಹೇಳದೆ ಬಾಗಿಲು ಮುಂದಕ್ಕೆ ಮಾಡಿದರು.

ಎದುರು ಬದಿಯ ಬಸ್ ನಿಲ್ದಾಣದಲ್ಲಿ ಅಕ್ಕ ತಂಗಿ ಬೆಂಚಿನ ಎರಡು ತುದಿಯಲ್ಲಿ ಕೂತರು. ಗೂಡ್ರುನ್ ಕೈಗವಸು ಹಾಕಿಕೊಂಡು ಮತ್ತೆ ತೆಗೆದಳು. ಒಂದು ಬಸ್ಸು ಬಂತು. ಇಬ್ಬರೂ ಏಳಲಿಲ್ಲ. ಅದು ಹೋದ ಮೇಲೆ ನೋಡಿದರೆ ಎದುರು ಮನೆಯ ಬಾಗಿಲಿನಿಂದ ಫ್ರಾವ್ ಕೋಲ್ಬ್ ಹೊರಗೆ ಬರುತ್ತಿದ್ದರು. ಮೇಲೊಂದು ಕೋಟು ಹೊದ್ದುಕೊಂಡಿದ್ದರು, ಅಡುಗೆಯ ಬಟ್ಟೆ ಇನ್ನೂ ಸೊಂಟದಲ್ಲಿತ್ತು. ಬೀದಿಯಂಚಿನಲ್ಲಿ ನಿಂತಿದ್ದ ಹಸಿರು ಕಾರಿನ ಮೇಲೆ ಒದ್ದೆ ಎಲೆಗಳು ದಪ್ಪಗೆ ಅಂಟಿಕೊಂಡಿದ್ದವು. ಅವರು ಮುಂದಿನ ಗಾಜಿನ ಮೇಲಿನವನ್ನು ತೋಳಿನಿಂದ ಒರೆಸಿ ಕೆಳಗೆ ತಳ್ಳಿದರು. ಬಾಗಿಲು ತೆರೆದು ಚಾಲಕನ ಜಾಗದಲ್ಲಿ ಕೂತು, ಬಾಗಿಲು ಹಾಕಿಕೊಂಡರು.

ಕಾರು ಹೊರಡಲಿಲ್ಲ. ಅವರ ಎರಡು ಕೈಗಳೂ ಸ್ಟೀರಿಂಗಿನ ಮೇಲಿದ್ದವು. ಒಳಗಿನ ಉಸಿರಿಗೆ ಗಾಜು ಕೆಳಗಿನಿಂದ ಮೆಲ್ಲಗೆ ಮಬ್ಬಾಗುತ್ತ ಬಂದು, ಮೊದಲು ಕೈಗಳು ಕಾಣದಾದವು, ಆಮೇಲೆ ಮುಖ.